ಕೇಸ್ ನಂಬರ್ ಏಳು

೯ ಜೂನ್ ೨೦೦೪, ಬುಧವಾರ

ಬೆಳಗಿನ ಡ್ಯೂಟಿ ಮುಗಿಸಿ ಹುಮನಾಬಾದಿನಿಂದ ಎರಡರ ಬಸ್ಸು ಹಿಡಿದೆ. ಬಸವಕಲ್ಯಾಣ ಮುಟ್ಟಿದಾಗ ಮೂರೂಕಾಲು. ನರ್ಸಿಂಗ್ ಶಾಲೆಯಲ್ಲಿ ಎಂದಿನಂತೆ ಕ್ಲಾಸಿಲ್ಲ, ಹಾಜರಿ ಮಾತ್ರ ಇದೆ. ಇಡೀ ವಾರದ ಸಹಿ ಒಂದೇ ದಿನ, ಒಂದೇ ಪೆನ್ನಿನಲ್ಲಿ. ಪ್ರಾಕ್ಟಿಕಲ್ ರೂಮಿನ ಬೊಂಬೆಗೆ ಒಂದು ಕೈಯಿಲ್ಲ. ಮೂರು ವರ್ಷದಿಂದ ಇಲ್ಲ. ಇವತ್ತು ಅದರ ತೊಡೆಯ ಮೇಲೆ ಯಾರೋ ಗುಟ್ಕಾ ಉಗುಳಿದ್ದಾರೆ. ಥೂ.

ಹದಿನಾಲ್ಕು ವರ್ಷ ಎಎನ್ಎಂ ಆಗಿ ದುಡಿದು, ಮೂವತ್ತನಾಲ್ಕನೇ ವಯಸ್ಸಿಗೆ ಜಿಎನ್ಎಂ ಸೇರಿದ್ದು ಇದನ್ನು ನೋಡಲಿಕ್ಕೆ! ಆದರೆ ಸೇರದೆ ಏನು ಮಾಡಲಿ? ಎಎನ್ಎಂ ಅಂದರೆ ಅರ್ಧ ನರ್ಸ್, ಜಿಎನ್ಎಂ ಮಾಡಿದರೆ ಪೂರ್ತಿ. ನಾನು ಕೈಹಿಡಿದು ಸೂಜಿ ಚುಚ್ಚಲು ಕಲಿಸಿದ ಹುಡುಗಿಯೇ ಜಿಎನ್ಎಂ ಸರ್ಟಿಫಿಕೇಟ್ ತಂದು ನಮ್ಮ ನರ್ಸಿಂಗ್ ಹೋಮಿನಲ್ಲಿ ನನ್ನ ಮೇಲಿನವಳಾದಳು. ಪಾಸಾದರೆ ಸರ್ಕಾರಿ ಸ್ಟಾಫ್ ನರ್ಸ್ ಪೋಸ್ಟಿಗೆ ಅರ್ಜಿ ಹಾಕಬಹುದು. ರಿಸರ್ವೇಶನ್ನಿನಲ್ಲಿ ನಮಗೆ ನಲವತ್ತರ ತನಕ ಅವಕಾಶ. ನನಗೀಗ ಮೂವತ್ತೆಂಟು.

೧೪ ಜೂನ್, ಸೋಮವಾರ

ಕೊನೆಯ ಪರೀಕ್ಷೆಗೆ ಕೇಸ್ ಬುಕ್ ಕೊಡಬೇಕು. ಇಪ್ಪತ್ತು ಹೆರಿಗೆ ಸ್ವತಃ ಮಾಡಿಸಿ ಬರೆಯಬೇಕು ಅಂತ ನಿಯಮ. ಪ್ರಿನ್ಸಿಪಾಲ್ ವಿದ್ಯಾವತಿ ಮೇಡಂಗೆ ಹೇಳಿದೆ: "ಮೇಡಂ, ನಾ ಎಂಟುನೂರಕ್ಕಿಂತ ಜಾಸ್ತಿ ಮಾಡಿಸೇನ್ರಿ. ಅವನ್ನೇ ಬರೀತೀನಿ."

"ಅವು ನಡೆಯಂಗಿಲ್ಲ ಧನಶ್ರೀ. ಆವಾಗ ನೀವು ಎಎನ್ಎಂ ಇದ್ರಿ, ಸ್ಟೂಡೆಂಟ್ ಇರ್ಲಿಲ್ಲ. ದತ್ತಾತ್ರಿ ಹಂತೇಕ ಮಾಸ್ಟರ್ ಬುಕ್ ಅದ. ನೋಡ್ಕೊಂಡ ಬರೀರಿ."

ಮಾಡಿದ್ದು ನಡೆಯುವುದಿಲ್ಲ. ನಕಲು ನಡೆಯುತ್ತದೆ.

ಆಫೀಸಿನ ಕ್ಲರ್ಕ್ ದತ್ತಾತ್ರಿ ಡ್ರಾಯರಿನಿಂದ ತೆಗೆದುಕೊಟ್ಟ. ನಲವತ್ತು ಹುಡುಗಿಯರ ಕೈ ದಾಟಿದ ಪುಸ್ತಕ. ಹಾಳೆಗೆ ಎಣ್ಣೆ, ಮೂಲೆಗೆ ನೇಲ್ ಪಾಲಿಶ್. "ಹೋದ ಬ್ಯಾಚ್ ಪೂರಾ ಇದರ ಮ್ಯಾಲೇ ಪಾಸ್ ಆಗ್ಯಾದ್ರಿ ಸಿಸ್ಟರ್. ಫಿಕರ್ ಮಾಡಬ್ಯಾಡ್ರಿ," ಅಂದ. ಮುಟ್ಟಿದ ಕೈ ತೊಳೆದುಕೊಂಡೆ. ಆದರೂ ಪುಸ್ತಕ ಚೀಲಕ್ಕೆ ಹಾಕಿಕೊಂಡೆ.

೧೭ ಜೂನ್, ಗುರುವಾರ

ಒಂದರಿಂದ ಆರು ಕಾಪಿ ಆಯಿತು. ಏಳನೆಯದು ಓದಿ ಪೆನ್ನು ಕೆಳಗಿಟ್ಟೆ.

ಅಂಬುಬಾಯಿ. ವಯಸ್ಸು ಇಪ್ಪತ್ತೆರಡು. ಹಳ್ಳಿಖೇಡ. ಎರಡನೇ ಹೆರಿಗೆ. ಬೆಳಿಗ್ಗೆ ೧೧.೪೦. ಗಂಡು, ೨.೮ ಕೆ.ಜಿ.

ಇದು ನನ್ನ ಹೆರಿಗೆ. ನಾಲ್ಕು ವರ್ಷದ ಹಿಂದೆ, ನನ್ನ ಕೈಯಲ್ಲಿ ಆದದ್ದು. ಕಬ್ಬು ಕಡಿಯುವ ಹೆಂಗಸು, ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ನಮ್ಮ ನರ್ಸಿಂಗ್ ಹೋಮಿಗೆ ಬಂದಿದ್ದರು. ಡಾಕ್ಟರು ಯಾರದೋ ಮದುವೆಗೆ ಹೋಗಿದ್ದರು. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು. ಬಿಡಿಸಿದೆ. ಬಾಯಿ ಒರೆಸಿದೆ, ಪಾದ ತಟ್ಟಿದೆ, ಬಾಯಿಗೆ ಬಾಯಿಟ್ಟು ಊದಿದೆ. ಇಪ್ಪತ್ತು ನಿಮಿಷ.

"ಸಿಸ್ಟರ್... ಕೂಸು ಯಾಕ ಅಳವಲ್ದರಿ?"

ಮೂರು ಸಲ ಕೇಳಿದಳು. ನಾನು ಕೂಸನ್ನು ತೂಗಿ, ಮುಖ ಮುಚ್ಚಿ ಬಟ್ಟೆಯಲ್ಲಿ ಸುತ್ತಿದೆ.

ಮಾಸ್ಟರ್ ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದೆ: ಬೇಬಿ ಕ್ರೈಡ್ ಇಮೀಡಿಯೇಟ್ಲಿ ಆಫ್ಟರ್ ಬರ್ತ್.

೧೮ ಜೂನ್, ಶುಕ್ರವಾರ

ದತ್ತಾತ್ರಿಯನ್ನು ಹಿಡಿದು ಕೇಳಿದೆ. ನಮ್ಮ ಡಾಕ್ಟರು ಈ ಶಾಲೆಯ ಕಮಿಟಿಯಲ್ಲಿದ್ದಾರಂತೆ. ನಮ್ಮ ಲೇಬರ್ ರೂಮಿನ ರಿಜಿಸ್ಟರ್ ಇಲ್ಲಿಗೆ ಬಂದದ್ದು ಹಾಗೆ. ಉಳಿದ ಕೇಸುಗಳು ಬೇರೆ ಆಸ್ಪತ್ರೆಗಳವಂತೆ.

"ಸತ್ತ ಕೂಸು ಹ್ಯಾಂಗ ಅತ್ತತು, ದತ್ತಾತ್ರಿ?"

"ಸತ್ತದ್ದು ಬರದರ ಎಕ್ಸಾಮಿನರ್ ನೂರಾ ಎಂಟು ಸವಾಲ್ ಕೇಳ್ತಾರ್ರಿ. ಹುಡುಗ್ಯಾರು ಹೈರಾಣ ಆಗ್ತಾವ. ಅದಕ್ಕ ನಾನೇ ದುರಸ್ತ ಮಾಡೀನಿ." ಹೆಮ್ಮೆಯಿಂದಲೇ ಹೇಳಿದ. ಹೇಳುತ್ತ ಕಿವಿಯಲ್ಲಿ ಪೆನ್ಸಿಲ್ ತಿರುವುತ್ತಿದ್ದ.

ದುರಸ್ತ! ಹೊರಗೆ ಬಂದುಬಿಟ್ಟೆ. ನನ್ನ ಕ್ಲಾಸಿನ ಜಯಮಾಲಾ, ಇಪ್ಪತ್ತೊಂದರ ಹುಡುಗಿ, ಹಿಂದೆಯೇ ಬಂದು ಕೇಳಿದಳು: "ಅಕ್ಕಾ, ಅಂಬುಬಾಯಿ ಅಂದ್ರ ಖರೇನೂ ಒಬ್ಬಾಕಿ ಇದ್ದಾಳೇನು?" ಇವಳು ಆ ಹೆರಿಗೆಯನ್ನು ಬರೆದು, ಬಣ್ಣದ ಪೆನ್ಸಿಲಿನಲ್ಲಿ ಗೆರೆ ಹೊಡೆದು, ಸಹಿ ಹಾಕಿಸಿ ಕೊಟ್ಟಾಗಿದೆ.

೨ ಜುಲೈ

ಬುಕ್ ಕೊಟ್ಟೆ. ಹತ್ತೊಂಬತ್ತು ಸುಳ್ಳು. ಏಳನೆಯದು ಮಾತ್ರ ಇದ್ದದ್ದು ಇದ್ದಂತೆ. ಸ್ಟಿಲ್ ಬರ್ತ್. ಮೇಡಂ ನೋಡದೆಯೇ ಇಪ್ಪತ್ತೂ ಹಾಳೆಗೆ ಸಹಿ ಒಗೆದರು.

೨೧ ಆಗಸ್ಟ್, ಶನಿವಾರ

ವೈವಾ. ಸಿಟ್ಟು ಇನ್ನೂ ಇಳಿದಿಲ್ಲ.

ಹೊರಗಿನಿಂದ ಬಂದ ಎಕ್ಸಾಮಿನರ್ ಗೋಡಂಬಿ ತಿನ್ನುತ್ತ ಬುಕ್ಕುಗಳನ್ನು ತಿರುವಿದರು. ನನ್ನದು ತೆಗೆದು, ಬೇರೆ ನಾಲ್ಕು ತೆಗೆದು, ಪಕ್ಕದಲ್ಲಿಟ್ಟರು.

"ಎಲ್ಲಾರ ಬುಕ್ಕಿನ್ಯಾಗ ಏಳನೇ ಕೂಸು ಜೀವಂತ ಅದ. ನಿಮ್ಮದರಾಗ ಅಷ್ಟೇ ಸತ್ತದ. ಇಷ್ಟ ವಯಸ್ಸಾಗ್ಯದ, ನೆಟ್ಟಗ ಕಾಪಿ ಮಾಡ್ಲಿಕ್ಕೂ ಬರಂಗಿಲ್ಲೇನು?"

"ಮೇಡಂ, ಇದು ಕಾಪಿ ಅಲ್ರಿ. ಈ ಹೆರಿಗಿ ನಾನೇ ಮಾಡಿಸೀನ್ರಿ."

"ಹೌದವ್ವಾ, ಉಳದ ಮೂವತ್ತೊಂಬತ್ತು ಮಂದೀನೂ ಹಾಂಗೇ ಅಂದಾರ."

ಪಕ್ಕದಲ್ಲಿ ಕೂತ ವಿದ್ಯಾವತಿ ಮೇಡಂ ನಕ್ಕರು. ಗೋಡಂಬಿಯ ತಟ್ಟೆ ಅವರತ್ತ ಸರಿಯಿತು. ಇಬ್ಬರೂ ತಿಂದರು. ನಾನು ನಿಂತೇ ಇದ್ದೆ.

೨೯ ಸೆಪ್ಟೆಂಬರ್

ಥಿಯರಿ ಎಪ್ಪತ್ತೊಂದು ಪರ್ಸೆಂಟ್. ಕ್ಲಾಸಿಗೆ ಮೊದಲು. ಪ್ರಾಕ್ಟಿಕಲ್ ಫೇಲ್. ಹೆರಿಗೆ ವಿಷಯದಲ್ಲಿ ಫೇಲ್! ಇಡೀ ಬ್ಯಾಚಿನಲ್ಲಿ ನಾನೊಬ್ಬಳೇ.

ಡಿಸೆಂಬರಿನಲ್ಲಿ ಸಪ್ಲಿಮೆಂಟರಿ. ಬುಕ್ ಪೂರ್ತಿ ಹೊಸದಾಗಿ ಬರೆದು ಕೊಡಬೇಕಂತೆ. "ಈ ಸರ್ತಿ ಶಾಣ್ಯಾತನ ಮಾಡಬ್ಯಾಡ್ರಿ," ಅಂದರು ಮೇಡಂ.

೧೫ ನವೆಂಬರ್

ಪೇಪರಿನಲ್ಲಿ ಸ್ಟಾಫ್ ನರ್ಸ್ ಪೋಸ್ಟ್ ಕರೆದಿದ್ದಾರೆ. ಅರ್ಜಿ ಹಾಕಲು ಕೊನೆಯ ತಾರೀಖು ಮಾರ್ಚಿನಲ್ಲಿ. ಮುಂದಿನ ಸಲ ಯಾವಾಗ ಕರೆಯುತ್ತಾರೋ. ಅಷ್ಟರಲ್ಲಿ ನನಗೆ ನಲವತ್ತು ದಾಟಿರುತ್ತದೆ.

ಮನೆಯವರು ಊಟಕ್ಕೆ ಕೂತಾಗ ಎಲ್ಲ ಹೇಳಿಕೊಂಡೆ. ನನ್ನ ಗಂಡ ಸಂಘರತ್ನ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು. ಆಮೇಲೆ ಅಂದರು: "ನಿನ್ನ ಪೆನ್ನಿಂದ ಆ ಕೂಸು ಬದುಕಂಗಿಲ್ಲ, ಸಾಯಂಗಿಲ್ಲ. ಬರ್ದು ಬಿಡು."

ಒಳ್ಳೆಯ ಮಾತೇ. ಕೆಟ್ಟ ಉದ್ದೇಶವಿಲ್ಲ. ಆದರೂ ಅವರ ತಟ್ಟೆ ತೊಳೆಯಲು ಮನಸ್ಸಾಗಲಿಲ್ಲ.

೨೮ ನವೆಂಬರ್, ಭಾನುವಾರ, ಮಧ್ಯಾಹ್ನ

ಹೊಸ ಬುಕ್. ಒಂದರಿಂದ ಆರು ಒಂದೇ ಗುಕ್ಕಿಗೆ ಮುಗಿಯಿತು. ಏಳಕ್ಕೆ ಬಂದು ಎದ್ದೆ. ನೀರು ಕುಡಿದೆ. ಚಹಾ ಮಾಡಿದೆ, ಕುಡಿಯಲಿಲ್ಲ. ಮತ್ತೆ ಕೂತೆ.

ಅಂಬುಬಾಯಿ. ಇಪ್ಪತ್ತೆರಡು. ಗಂಡು. ತೂಕ ೨.೮. ತೂಕ ನಿಜ, ನಾನೇ ತೂಗಿದ್ದು. ಮುಂದಿನ ಸಾಲನ್ನೂ ಬರೆದೆ. ಕ್ರೈಡ್ ಇಮೀಡಿಯೇಟ್ಲಿ. ಅಕ್ಷರ ದುಂಡಗೆ ಬಂದಿದೆ. ಇಷ್ಟು ದಿನ ದತ್ತಾತ್ರಿಯನ್ನು, ಮೇಡಂ ಅವರನ್ನು ಕಂಡು ಹೇಸಿದೆ. ಇವತ್ತು ಈ ಬಲಗೈ ನನ್ನದಲ್ಲ ಅನ್ನುವಷ್ಟು ಹೇಸಿಗೆಯಾಯಿತು.

ಹಾಳೆ ತಿರುವಿದೆ. ಕೇಸ್ ಎಂಟು. ಸುಗ್ರಾ, ಇಪ್ಪತ್ತಾರು. ಯಾವ ಊರೋ, ಯಾವ ಆಸ್ಪತ್ರೆಯೋ, ನಾನು ಮುಖ ನೋಡದ ಹೆಂಗಸು. ಹೆಣ್ಣು, ೩ ಕೆ.ಜಿ. ಇಲ್ಲಿಯೂ ಅದೇ ಸಾಲು. ಹೋದ ಸಲ ಇದನ್ನು ಯೋಚನೆ ಕೂಡ ಮಾಡದೆ ಬರೆದು ಮುಗಿಸಿದ್ದೆ.

ಈಕೆಯ ಕೂಸಾದರೂ ನಿಜವಾಗಿ ಅತ್ತಿತ್ತೇ?