ನಿಮ್ಮಣ್ಣ ಕೈ ಎತ್ತಿದ ದಿನ

ಮನೆ, ಅಡುಗೆಕೋಣೆಯ ಮೇಜು
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಸೊಸೆಗೆ,

ಹೇಗಿದ್ದೀಯಮ್ಮಾ? ಫೋನಿನಲ್ಲಿ ಕೇಳಿದಾಗಲೆಲ್ಲ "ಚೆನ್ನಾಗಿದ್ದೀನಿ ಅತ್ತೆ" ಎನ್ನುತ್ತೀಯ, ಆದರೆ ದನಿ ತುಂಬ ನೆಗಡಿ. ಆಸ್ಪತ್ರೆಯಲ್ಲೇ ಕೆಲಸ ಮಾಡುವವಳು ಒಂದು ಕೆಮ್ಮಿಗೆ ಔಷಧಿ ತೆಗೆದುಕೊಳ್ಳುವುದಿಲ್ಲವೆಂದರೆ ಯಾರಿಗೆ ಹೇಳಲಿ? ಪಾಳಿ ಮುಗಿಸಿ ಬಂದು ಊಟ ಮಾಡದೆ ಮಲಗುವುದನ್ನು ಬಿಟ್ಟೆಯೋ ಇಲ್ಲವೋ? ಹಾಸ್ಟೆಲಿನ ಹಾಸಿಗೆ ತೆಳ್ಳಗಿದೆ ಅಂದಿದ್ದೆ, ಬೆನ್ನಿಗೊಂದು ದಿಂಬು ಒತ್ತುಕೊಟ್ಟು ಮಲಗು. ನನ್ನದೇನು, ಮಂಡಿಯೊಂದು ನನ್ನ ಮಾತು ಕೇಳುವುದಿಲ್ಲ. ಉಳಿದಂತೆ ಗುಂಡುಕಲ್ಲಿನ ಹಾಗಿದ್ದೇನೆ.

ಫೋನಿರುವಾಗ ಅತ್ತೆಗೇಕೆ ಕಾಗದ ಬರೆಯುವ ಹುಚ್ಚು ಎನ್ನುತ್ತೀಯೇನೋ. ಫೋನಿನಲ್ಲಿ ನಿನ್ನ ಗಂಡನ ಸುದ್ದಿ ತೆಗೆದ ತಕ್ಷಣ ನಿನಗೆ ಇನ್ನೊಂದು ಕರೆ ಬಂದುಬಿಡುತ್ತದೆ. ಕಾಗದಕ್ಕೆ ಹಾಗಾಗುವುದಿಲ್ಲವಲ್ಲ! ಸಿಟ್ಟು ಬಂದರೆ ಮಡಿಸಿಡು, ಆಮೇಲೆ ಓದು. ನಿನ್ನ ಸಿಟ್ಟು ತಪ್ಪೆಂದು ನಾನು ಯಾವತ್ತೂ ಅಂದಿಲ್ಲ. ಆ ಹೋಟೆಲಿನವರು ಮುನ್ನೂರು ಕುರ್ಚಿ ಮಾಡಿಸಿಕೊಂಡು, ಕಾಸು ಕೊಡದೆ ಬಾಗಿಲು ಹಾಕಿಕೊಂಡು ಹೋದದ್ದು ಇವನ ತಪ್ಪಲ್ಲ. ಆ ಕುರ್ಚಿಗಳಿಗೆಂದು ಬ್ಯಾಂಕಿನಲ್ಲಿ ಸಾಲ ಮಾಡಿ, ಸಾಲದ್ದಕ್ಕೆ ನಿಮ್ಮಣ್ಣನ ಮರದ ಅಂಗಡಿಯಿಂದ ಲಾರಿಗಟ್ಟಲೆ ಮರ ಕಡ ತಂದು, ನಿನಗೊಂದು ಮಾತೂ ಹೇಳದೆ ಇದ್ದದ್ದು ಅವನದೇ ತಪ್ಪು. ಅಣ್ಣನ ಬಾಯಿಂದಲೇ ವಿಷಯ ತಿಳಿದು ನೀನು ಪೆಟ್ಟಿಗೆ ಕಟ್ಟಿದಾಗ ನಾನು ತಡೆಯಲಿಲ್ಲ, ನೆನಪಿದೆಯಲ್ಲ? ದಾರಿಗೆ ತಿನ್ನಲು ಬ್ರೆಡ್ಡು ಕಟ್ಟಿಕೊಟ್ಟೆ.

ನೀನು ಹೋದ ಮೇಲೆ ಅವನು ವರ್ಕ್‌ಶಾಪಿಗೆ ಬೀಗ ಹಾಕಿದ. ಕೊಯ್ಯುವ ಮಿಷನ್ನು, ವ್ಯಾನು ಎಲ್ಲ ಮಾರಿದ. ಈಗ ಇನ್ನೊಬ್ಬರ ಕೈಕೆಳಗೆ ಬಾಗಿಲು ಚೌಕಟ್ಟು ಮಾಡುತ್ತಾನೆ. ಹಾಗೂ ಸಾಲ ತೀರದೆ, ಕೊನೆಗೆ ಕೋರ್ಟಿನ ಮುಖಾಂತರ ಕಂತು ಕಂತಾಗಿ ತೀರಿಸುವ ಒಪ್ಪಂದಕ್ಕೆ ಅರ್ಜಿ ಹಾಕಿದ. ಅದನ್ನು ನೋಡಿಕೊಳ್ಳುವ ಅಧಿಕಾರಿ ಒಬ್ಬ ಹೆಂಗಸು, ನಿನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಮನೆ ನೋಡಲು ಬಂದಾಗ ನನಗೆ ಒಂದೇ ಭಯ, ಮಂಚದಿಂದ ಹಿಡಿದು ಲೋಟದವರೆಗೆ ಎಲ್ಲಕ್ಕೂ ಬೆಲೆ ಕಟ್ಟುತ್ತಾಳೇನೋ ಎಂದು. ಹಾಗೇನೂ ಮಾಡಲಿಲ್ಲ. ಮನೆಬಳಕೆಯದ್ದೂ ಕಸುಬಿನ ಉಳಿ ಸುತ್ತಿಗೆಯೂ ಇರಲಿ ಎಂದಳು. ಕಿಟಕಿಯ ಕೆಳಗೆ ನಿನಗೆಂದು ಅವನು ಮಾಡಿಕೊಟ್ಟ ಮರದ ಕಟ್ಟೆಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದಳು. ಇದನ್ನೂ ಬರಕೊಳ್ತೀರಾ ಎಂದು ನಾನೇ ಕೇಳಿದೆ. ಕೈಯಾಡಿಸಿ ನೋಡಿ, "ಇದು ಗೋಡೆಗೇ ಸೇರಿದ್ದಲ್ವಾ, ಬಿಡಿ ಅಮ್ಮ" ಎಂದಳು. ಅವಳಿಗೆ ಎರಡನೇ ಸಲ ಟೀ ಮಾಡಿಕೊಟ್ಟದ್ದು ಅದಕ್ಕೇ.

ಮನೆ ಉಳಿಯಬೇಕಾದರೆ ಏನೇನು ಎಂದು ಬಿಡಿಸಿ ಹೇಳಿದಳು. ಮನೆಸಾಲದ ಕಂತು ಒಂದೂ ತಪ್ಪಕೂಡದು. ನಮ್ಮ ಖರ್ಚಿಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕ ಸಂಬಳವೆಲ್ಲ ಐದು ವರ್ಷ ಸಾಲ ಕೊಟ್ಟ ಉಳಿದವರಿಗೆ ಹೋಗಬೇಕು. ಹೊಸ ಸಾಲದ ಹೆಸರೆತ್ತಕೂಡದು. ಕಂತು ನಿಂತರೆ ಒಪ್ಪಂದ ಮುರಿಯುತ್ತದೆ, ಆಮೇಲೆ ಮನೆಗೆ ಯಾರೂ ಜವಾಬ್ದಾರರಲ್ಲ. ಲೆಕ್ಕ ಹಾಕಿದರೆ ಕೊಂಚ ಕಮ್ಮಿ ಬೀಳುತ್ತಿತ್ತು. ಅದಕ್ಕೇ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟೆವು. ಬಂದವರು ಸಂಗೀತದ ಮೇಷ್ಟ್ರು. ಕೊಳಲೋ ಪಿಟೀಲೋ ಇರಬೇಕು ಅಂದುಕೊಂಡರೆ ತುತ್ತೂರಿ, ನೋಡು! ಬಾಯಿಗೆ ಟವೆಲ್ ತುರುಕಿಯೇ ಊದುತ್ತೇನೆಂದು ಮಾತು ಕೊಟ್ಟಿದ್ದಾರೆ. ತುತ್ತೂರಿಯ ಬಾಯಿಗೆ, ತಮ್ಮ ಬಾಯಿಗಲ್ಲ. ಆದರೂ ಸಂಜೆಯಾದರೆ ಮೇಲೊಂದು ಎಮ್ಮೆಗೆ ಶೀತವಾದಂತೆ ಕೇಳುತ್ತದೆ.

ಮೊನ್ನೆ ಗುರುವಾರ ಕೋರ್ಟಿನಲ್ಲಿ ಸಾಲ ಕೊಟ್ಟವರೆಲ್ಲರ ಸಭೆ. ಅವರು ಕೈ ಎತ್ತಿ ಒಪ್ಪಿದರೆ ಮಾತ್ರ ಒಪ್ಪಂದ. ಹೆಚ್ಚು ಬಾಕಿ ಬರಬೇಕಾದವರ ಮಾತಿಗೆ ತೂಕ ಹೆಚ್ಚು, ಆ ತೂಕವೆಲ್ಲ ನಿಮ್ಮಣ್ಣನದು. "ನೀನು ಬರಬೇಡಮ್ಮಾ" ಅಂದ ಇವನು ನನಗೆ. ಬೇಡ ಅಂದರೆ ಬಿಡುವವಳೇ ನಾನು? ಉದ್ದನೆಯ ಮೇಜು, ತಿರುಗುವ ಫ್ಯಾನು, ಯಾರೂ ಮುಟ್ಟದ ಬಿಸ್ಕತ್ತು. ನಿಮ್ಮಣ್ಣ ಆ ತುದಿಯಲ್ಲಿ ಕೂತಿದ್ದರು. ನನಗೆ ನಮಸ್ಕಾರ ಮಾಡಿದರು, ಇವನ ಮುಖ ನೋಡಲಿಲ್ಲ. ಬ್ಯಾಂಕಿನವನು ಶುರು ಹಚ್ಚಿದ: "ಮನೆ ಮಾರಿದ್ರೆ ಎಲ್ಲರಿಗೂ ಈಗ್ಲೇ ಅಷ್ಟೋ ಇಷ್ಟೋ ಸಿಗುತ್ತಲ್ಲ, ಐದು ವರ್ಷ ಯಾಕೆ ಕಾಯ್ಬೇಕು?" ಮನೆಸಾಲ ತೀರಿಸಿದ ಮೇಲೆ ಉಳಿಯುವುದು ಕೈಬೆರಳಿಗಂಟಿದಷ್ಟೇ ಎಂದು ಅಧಿಕಾರಿ ಹೇಳಿದರೂ ಅವನು ಬಿಡಲಿಲ್ಲ. ಇವನನ್ನೇ ನೇರವಾಗಿ ಕೇಳಿದ: "ನೀವು ಹೇಳಿ, ಮಾರೋಕೆ ಏನು ತೊಂದರೆ?"

ಇವನು ಎದ್ದು ನಿಂತ. ಮಾತು ಬಾರದವನಿಗೆ ಅದೆಲ್ಲಿಂದ ಬಂತೋ ಕಾಣೆ. "ಆ ಮನೆಯಲ್ಲಿ ಅರ್ಧ ನನ್ನ ಹೆಂಡತಿ ದುಡಿಮೆ ಇದೆ ಸಾರ್. ಅವಳನ್ನ ಕೇಳದೆ ಸಾಲ ಮಾಡಿದೆ, ಅದಕ್ಕೇ ಇವತ್ತು ಹೀಗಿದ್ದೀನಿ. ಈಗ ಅವಳನ್ನ ಕೇಳದೆ ಮಾರೋದೂ ನನ್ನಿಂದ ಆಗಲ್ಲ. ನಿಮ್ಮ ದುಡ್ಡು ಕೊಡ್ತೀನಿ. ಎರಡು ಕಡೆ ಕೆಲಸ ಮಾಡಿಯಾದರೂ ಕೊಡ್ತೀನಿ."

ನನ್ನ ಮಗನೆಂದು ಹೇಳುತ್ತಿಲ್ಲ ಕಣಮ್ಮಾ, ಅವತ್ತು ಅವನ ಮುಖದಲ್ಲಿ ನಾಟಕವಿರಲಿಲ್ಲ. ಅಧಿಕಾರಿ, ಒಪ್ಪುವವರು ಕೈ ಎತ್ತಿ ಎಂದಳು. ಬಣ್ಣದ ಅಂಗಡಿಯವರು ಎತ್ತಿದರು. ಬ್ಯಾಂಕಿನವನು ಪೆನ್ನು ತಿರುಗಿಸುತ್ತ ಕೂತ. ನಾನು ನಿಮ್ಮಣ್ಣನ ಕಡೆ ನೋಡಲಾರದೆ ಬಿಸ್ಕತ್ತಿನ ತಟ್ಟೆ ನೋಡುತ್ತಿದ್ದೆ. ಅಧಿಕಾರಿ "ಆಯ್ತು, ಇಷ್ಟು ಕೈ ಸಾಕು" ಅಂದಾಗ ತಲೆಯೆತ್ತಿದರೆ, ನಿಮ್ಮಣ್ಣನ ಕೈ ಮೇಲಿತ್ತು. ಮನೆ ಉಳಿಯಿತು ಮಗಳೇ. ಕಣ್ಣೀರು ಒರೆಸಿಕೊಳ್ಳಲು ಕರವಸ್ತ್ರ ಸಿಗದೆ ಸೆರಗಿನಲ್ಲೇ ಮೂಗೂ ಒರೆಸಿಕೊಂಡೆ. ಕೋರ್ಟಿನ ಮರ್ಯಾದೆ ಏನಾಯಿತೋ!

ಮೊದಲ ಕಂತು ನಿನ್ನೆ ಕಟ್ಟಿ ಬಂದ. ಬಂದವನು ತಟ್ಟೆಯ ಮುಂದೆ ಕೂತು, ಎಷ್ಟೋ ದಿನದ ಮೇಲೆ ಎರಡನೇ ಸಲ ಬಡಿಸಿಕೊಂಡ. ಹೇಳುವುದಕ್ಕೆ ಇಷ್ಟೇ. ನಿನ್ನ ಜೊತೆಯ ನರ್ಸಮ್ಮಂದಿರಿಗೆಲ್ಲ ನನ್ನ ನೆನಪು ತಿಳಿಸು. ನಿನ್ನ ಕೈಗೂ ಮನಸ್ಸಿಗೂ ಬಲವಿರಲಿ, ಹಾಸಿಗೆಗೆ ಬಿದ್ದರೆ ನಿದ್ದೆ ಬರಲಿ, ನೂರು ಕಾಲ ಚೆನ್ನಾಗಿರು.

ಬರೆದು ಬರೆದು ಕೈ ನೋಯಿಸಿಕೊಂಡ,
ನಿನ್ನ ಅತ್ತೆ

ತಾ.ಕ.: ಲಕೋಟೆ ಅಂಟಿಸುವ ಮೊದಲು ಹೇಳಿಯೇಬಿಡುತ್ತೇನೆ. ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಮ್ಮಣ್ಣನ ಕೈ ಹಿಡಿದುಕೊಂಡೆ, ದೊಡ್ಡ ಮನಸ್ಸು ಮಾಡಿದಿರಿ ಎಂದು. ಅವರು, "ನನ್ನದೇನಿಲ್ಲ ಅಮ್ಮ. ಇಲ್ಲ ಅನ್ನೋಕೇ ಹೊರಟಿದ್ದೆ. ಹಿಂದಿನ ದಿನ ತಂಗಿ ಫೋನ್ ಮಾಡಿದ್ಲು. ಅವರನ್ನ ಕ್ಷಮಿಸೋದು ಬಿಡೋದು ನನ್ನ ಪಾಡು, ನಮ್ಮತ್ತೆ ಮಾತ್ರ ಬೀದಿಗೆ ಬೀಳಬಾರದು ಅಂದ್ಲು" ಎಂದರು. ಇವನಿಗೆ ನಾನಿನ್ನೂ ಹೇಳಿಲ್ಲ, ಹೇಳುವುದೂ ಇಲ್ಲ, ಅದು ನಿನ್ನ ಮಾತು. ಅವನ ಹತ್ತಿರ ಮಾತಾಡಲೇಬೇಕೆಂದು ನಾನು ಕೇಳುವುದಿಲ್ಲ. ಆದರೆ ನನಗಾಗಿ ಉಳಿಸಿಕೊಟ್ಟ ಮನೆಗೆ ನನ್ನನ್ನು ನೋಡಲು ಒಂದು ಭಾನುವಾರ ಬರಬಾರದೇ? ಯಾವ ಬಸ್ಸೆಂದು ಹೇಳಿದರೆ ಸಾಕು, ನಿಲ್ದಾಣಕ್ಕೆ ನಾನೊಬ್ಬಳೇ ಬರುತ್ತೇನೆ.