ಬಾಗಿಲ ಬಳಿಯ ಮಂಜು

ಮಾಸ್ಕೋ
ಡಿಸೆಂಬರ್ ೧೧, ೨೦೦೬

ಮುದ್ದಿನ ವಾರ್ಯಾ,

ಹೆದರಬೇಡ ಎಂದು ನಿನ್ನೆ ಫೋನಿನಲ್ಲೇ ಹೇಳಬೇಕಿತ್ತು, ಚಹಾ ಆರುತ್ತಿದೆ ಎಂದು ಇಟ್ಟುಬಿಟ್ಟೆ. ಚಹಾ ಇರಲಿಲ್ಲ, ಒಲೆಯನ್ನೇ ಹಚ್ಚಿರಲಿಲ್ಲ. ಇರಲಿ, ಮೊದಲು ನೀನು ಹೇಗಿದ್ದೀಯ? ಆ ಕೆಮ್ಮು ಇಳಿಯಿತೇ? ವ್ಲಾದಿವೊಸ್ತೋಕದ ಕಡಲಗಾಳಿ ಒಳ್ಳೆಯದಲ್ಲ, ಕಚೇರಿಯಲ್ಲಿ ಕಿಟಕಿಯ ಪಕ್ಕದ ಮೇಜು ಬೇರೆ ಯಾರಿಗಾದರೂ ಬಿಟ್ಟುಕೊಡು. ನಾನು ಆರಾಮಾಗಿದ್ದೇನೆ. ಪಕ್ಕದ ಮನೆಯ ತಾಯಿಸಿಯಾ ಆಗಾಗ ಎಲೆಕೋಸಿನ ಸಾರು ಕೊಡುತ್ತಾಳೆ. ಪಾತ್ರೆ ಹಿಂದಿರುಗಿಸಲು ಹೋದರೆ, "ಏನು ಆರ್ಕಾದಿ ಪಾವ್ಲವಿಚ್, ಉಪ್ಪು ಕಮ್ಮಿ ಅಂತ ಹೇಳೋಕೆ ಬಂದ್ರಾ?" ಎನ್ನುತ್ತಾಳೆ. ಉಪ್ಪು ನಿಜಕ್ಕೂ ಕಮ್ಮಿ.

ನೀನು ಕೇಳಿದ್ದು ಕಿವಿಯಲ್ಲೇ ಇದೆ. "ಅಪ್ಪಾ, ಕನ್ನಡಕ ಬಿಡೋಕೆ ಕಣ್ಣಿಗೆ ಲೇಸರ್ ಮಾಡಿಸ್ಕೊಳ್ಳಲಾ ಬೇಡ್ವಾ? ನಿನಗೆ ಯಾವತ್ತಾದ್ರೂ ಕಣ್ಣಿನ ಆಪರೇಷನ್ ಯಾಕಾದ್ರೂ ಮಾಡಿಸ್ಕೊಂಡೆನೋ ಅನ್ಸಿದ್ಯಾ?" ಇದಕ್ಕಾಗಿ ಗ್ರಂಥಾಲಯಕ್ಕೆ ಹೋಗಿ ಒಂದು ಇಂಗ್ಲಿಷ್ ಪತ್ರಿಕೆ ಓದಿದೆ. ಕಾಲೇಜಿನ ಇಂಗ್ಲಿಷ್‌ನಲ್ಲಿ ನನಗೆ ಉಳಿದಿರುವುದು 'ಲಂಡನ್ ಈಸ್ ದ ಕ್ಯಾಪಿಟಲ್' ಅಷ್ಟೇ. ಅಮೆರಿಕದವರು ಕಂಪ್ಯೂಟರಿನ ಚಿಪ್ ಕೊರೆಯುವ ಲೇಸರನ್ನು, ಕಣ್ಣಿಗೆ ತರುವುದಕ್ಕೆ ಎಷ್ಟೋ ಮೊದಲು, ಹಬ್ಬದ ಮಾರನೆಯ ದಿನ ಟರ್ಕಿಯ ಮೇಲೆ ಪ್ರಯೋಗಿಸಿದರಂತೆ. ನಾನು ಅದನ್ನು ದೇಶವೆಂದೇ ತಿಳಿದೆ. ತಾಯಿಸಿಯಾಗೂ ಹೇಳಿದೆ. "ಪಾಪ, ಆ ತುರ್ಕರು ಇವ್ರಿಗೇನು ಮಾಡಿದ್ರು?" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ನಿಘಂಟು ತೆಗೆದರೆ ಅದು ಹಬ್ಬದೂಟದಲ್ಲಿ ಮಿಕ್ಕ ಹಕ್ಕಿ. ರಷ್ಯನ್ ಭಾಷೆಯಲ್ಲಿ ನಾವು ಯಾವ ಹಕ್ಕಿಯನ್ನು ಇಂಡಿಯಾದ್ದು ಎನ್ನುತ್ತೇವೋ ಅದನ್ನೇ ಅವರು ಟರ್ಕಿಯದು ಎನ್ನುತ್ತಾರೆ. ಆ ಬೆಳಕು ಮಾಂಸವನ್ನು ಸುಡದೆ, ಕರಿ ಕಟ್ಟದೆ, ನುಣ್ಣಗೆ ಕೆತ್ತಿತಂತೆ. ಮುಂದೆ ಗ್ರೀಕರ ದ್ವೀಪವೊಂದರಲ್ಲಿ ಕಣ್ಣಿನ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರವನ್ನು ಪುಸ್ತಕದ ಹಾಳೆಯಂತೆ ಮಗುಚಿ, ಅಡಿಯಲ್ಲಿ ಲೇಸರ್ ಹಾಯಿಸಿ, ಮತ್ತೆ ಹಾಳೆ ಮುಚ್ಚುವುದನ್ನು ಕಲಿತರು. ನಿನಗೆ ಮಾಡುವುದು ಅದನ್ನೇ.

ನನಗೆ ಮಾಡಿದ್ದು ಅದಲ್ಲ. ಆಗ, ಸೋವಿಯತ್ ಕಾಲದಲ್ಲಿ, ಇಲ್ಲಿ ಲೇಸರ್ ಎಲ್ಲಿತ್ತು? ವಜ್ರದ ಚೂರಿಯಿಂದ ಸೂರ್ಯನ ಕಿರಣಗಳ ಹಾಗೆ ಸುತ್ತಲೂ ಗೆರೆ ಕೊಯ್ಯುತ್ತಿದ್ದರು. ನಮ್ಮನ್ನೆಲ್ಲ ಸುತ್ತುವ ಮಂಚಗಳ ಮೇಲೆ ಮಲಗಿಸಿದ್ದರು, ಒಬ್ಬೊಬ್ಬ ಡಾಕ್ಟರಿಗೆ ಒಂದೊಂದು ಕೆಲಸ, ಥೇಟ್ ನಮ್ಮ ಬೇರಿಂಗ್ ಕಾರ್ಖಾನೆ. ಡಾಕ್ಟರೊಬ್ಬರು, "ಕಣ್ಣು ಹೊಡೀಬೇಡಿ, ನಂಗೆ ಮದ್ವೆ ಆಗಿದೆ" ಎಂದರು. ನಿನ್ನಮ್ಮನಿಗೂ ಆಪರೇಷನ್ನಿಗೆ ಬರಲು ಚೀಟಿ ಬಂದಿತ್ತು. ರಿಮ್ಮ ಹೋಗಲಿಲ್ಲ. "ಮನೇಲಿ ಒಬ್ರ ಕಣ್ಣಾದ್ರೂ ಸರ್ಕಾರ ಮುಟ್ಟದೆ ಇರ್ಲಿ" ಎಂದಳು.

ಆ ಗೆರೆಗಳು ಪೂರ್ತಿ ಗಟ್ಟಿಯಾಗಲೇ ಇಲ್ಲ ವಾರ್ಯಾ. ಬೆಳಿಗ್ಗೆ ದೂರದ ಟ್ರಾಮ್‌ ನಂಬರು ಕಾಣುತ್ತದೆ, ಕೈಯಲ್ಲಿರುವ ಕಾಗದ ಕಾಣುವುದಿಲ್ಲ. ಹೊತ್ತು ಏರಿದಂತೆ ಹತ್ತಿರದ್ದು ತಿಳಿಯಾಗುತ್ತದೆ, ಅಷ್ಟರಲ್ಲಿ ಈ ತಿಂಗಳ ಸೂರ್ಯ ಹೊರಟುಬಿಡುತ್ತಾನೆ. ದೀಪ ಹಾಕಿದರೆ ಅದಕ್ಕೆ ಬೆಕ್ಕಿನ ಮೀಸೆ ಮೂಡಿ ಅಕ್ಷರಗಳನ್ನೆಲ್ಲ ಗೀಚುತ್ತದೆ. ಮೊದಲು ನಾನು ಹೇಳುತ್ತಿದ್ದೆ, ಅಮ್ಮ ಬರೆಯುತ್ತಿದ್ದಳು. ಅವಳು ಹೋದ ಮೇಲೆ ನನ್ನ ಪತ್ರಗಳು ನಾಲ್ಕು ಸಾಲಿಗಿಳಿದವು. ಅಷ್ಟು ದೂರ ಹೋದೆನೆಂದು ಸಿಟ್ಟೇ ಎಂದು ನೀನು ಕೇಳಿದ್ದೆ. ಸಿಟ್ಟಲ್ಲ ಮಗಳೇ, ಬೆಳಕು ಸಾಲುತ್ತಿರಲಿಲ್ಲ. ಲೇಸರ್ ಹಾಗೆ ಗೆರೆ ಕೊಯ್ಯುವುದಿಲ್ಲ, ಅದಕ್ಕೇ ನಿನಗೆ ಹೆದರಬೇಡ ಎಂದದ್ದು.

ಆದರೂ ಯಾಕಾದರೂ ಮಾಡಿಸಿಕೊಂಡೆನೋ ಎಂದು ಅನಿಸಿಲ್ಲ. ಕಾರಣ ಹೇಳುತ್ತೇನೆ, ನಗಬೇಡ. ಚಳಿಯಲ್ಲಿ ಹೊರಗಿನಿಂದ ಬಂದು ಬಾಗಿಲು ತೆಗೆದರೆ ಕನ್ನಡಕಕ್ಕೆ ಮಂಜು ಹಿಡಿಯುತ್ತದೆ, ನಿನಗೆ ಗೊತ್ತಲ್ಲ. ಮದುವೆಯಾದಂದಿನಿಂದ ಪ್ರತಿ ಚಳಿಗಾಲ ನಾನು ಮನೆಗೆ ಬಂದಾಗ ಮೊದಲು ಅವಳ ದನಿ ಬರುತ್ತಿತ್ತು, ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅವಳು ಅಡುಗೆಮನೆಗೆ ಹೋಗಿರುತ್ತಿದ್ದಳು. ಕಣ್ಣು ಮಾಡಿಸಿಕೊಂಡ ವರ್ಷ, ಮೊದಲ ಹಿಮ ಬಿದ್ದ ದಿನ, ಬಾಗಿಲು ತೆಗೆದೆ. ಮಂಜಿಲ್ಲ. ಟವೆಲ್ ಹಿಡಿದು ರಿಮ್ಮ ನಿಂತಿದ್ದಳು, ನಗುತ್ತಿದ್ದಳು. ಪ್ರತಿ ಸಲವೂ ಹೀಗೆ ನಗುತ್ತಿದ್ದಳೋ ಅಂದು ಮಾತ್ರವೋ, ಕೇಳಲಿಲ್ಲ.

ಈಗ ಬಾಗಿಲು ತೆಗೆದ ಕೂಡಲೇ ಗೋಡೆಯ ಗೂಟ, ಅದರಲ್ಲಿ ಅವಳ ಕೋಟು, ಎಲ್ಲ ಸ್ಪಷ್ಟ. ಕೆಲವು ಸಲ ಹಳೆಯ ಕನ್ನಡಕ ಹಾಕಿಕೊಂಡೇ ಒಳಗೆ ಬರೋಣ ಎನಿಸುತ್ತದೆ, ಒಂದು ನಿಮಿಷವಾದರೂ…

ಅಕ್ಷರ ಮಸುಕಾಗುತ್ತಿದೆ. ಎದುರು ಮಹಡಿಯ ದೀಪಕ್ಕೆ ಆಗಲೇ ಮೀಸೆ ಬಂತು. ಪೂರ್ವದ ನಿನ್ನ ಊರಲ್ಲಿ ರಾತ್ರಿ ಹೊತ್ತು ಮೀರಿರುತ್ತದೆ, ಮಲಗು. ಕಣ್ಣು ತಂಪಾಗಿರಲಿ.

ನಿನ್ನ ಅಪ್ಪ,
ಆರ್ಕಾದಿ

ಮರೆತೆ: ಆಪರೇಷನ್ ಅಲ್ಲಿ ಬೇಡ, ಇಲ್ಲಿಗೇ ಬಂದು ಮಾಡಿಸಿಕೊ. ಆಮೇಲೆ ದಿನವೂ ಕಣ್ಣಿಗೆ ಹನಿ ಹಾಕಬೇಕು, ಅದು ಇನ್ನೊಬ್ಬರ ಕೈಯಿಂದಲೇ ಆಗಬೇಕಾದ ಕೆಲಸ. ನನಗೂ ಕಣ್ಣೊಳಗೆ ಒತ್ತಡವಿದೆ ಎಂದು ಡಾಕ್ಟರು ಬೇಸಿಗೆಯಲ್ಲೇ ಹನಿ ಬರೆದುಕೊಟ್ಟಿದ್ದಾರೆ, ನಿನಗೆ ಹೇಳಿರಲಿಲ್ಲ. ನಾನೇ ಹಾಕಿಕೊಂಡರೆ ಅರ್ಧ ಕಿವಿಗೆ ಹೋಗುತ್ತದೆ.