ಅಂಚಿನ ಮನೆಗಳು

8 ಜೂನ್, ಶನಿವಾರ

ಲಿಂಗರಾಜಪುರದ ಹಾಲ್‌ನಲ್ಲಿ ಫ್ಯಾನ್ ಮತ್ತೆ ಕೆಟ್ಟಿದೆ. ಕಿಟಕಿ ತೆಗೆದಿಟ್ಟು ಚೆಸ್ ಪಾಠ. ಚಿಕ್ಕವರಿಗೆ ಅದೇ ನಿಯಮ — ಕೈ ಎರಡೂ ತೊಡೆಯ ಮೇಲೆ. ಎದುರಿಗಿರುವವನಿಗೆ ಏನು ಬೇಕು ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಕಾಯಿ ಮುಟ್ಟಬೇಕು. ಹೊಸದಾಗಿ ಸೇರಿದ ವಿಭಾಳನ್ನು ಕೇಳಿದೆ. "ಅವನಿಗೆ ಮನೆಗೆ ಹೋಗ್ಬೇಕು ಮಿಸ್" ಅಂದಳು. ತಪ್ಪು ಉತ್ತರ ಅನ್ನಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ತೇಜಶ್ರೀ. ಎರಡನೇ ಕ್ಲಾಸಿನಿಂದ ನನ್ನ ಹತ್ತಿರ ಕಲಿಯುತ್ತಿದ್ದಾಳೆ, ಈಗ ಒಂಬತ್ತನೇ ಕ್ಲಾಸು. ಇಷ್ಟು ವರ್ಷದ ಕೋಚಿಂಗ್‌ನಲ್ಲಿ ಇಂಥವಳು ಇನ್ನೊಬ್ಬಳು ಸಿಕ್ಕಿಲ್ಲ. ಇವತ್ತು ಗೆದ್ದೇಬಿಟ್ಟಿದ್ದ ಆಟದಲ್ಲಿ ರೂಕ್ ಸುಮ್ಮನೆ ಕೊಟ್ಟಳು. ಮೂಲೆಯಲ್ಲಿ ಎದುರಾಳಿಯ ಬಿಷಪ್ ಹೊಂಚು ಹಾಕಿ ಕೂತಿತ್ತು. ತೋರಿಸಿದೆ.

"ಅದು ಇತ್ತಾ ಮಿಸ್ ಅಲ್ಲಿ?"

ಉಡಾಫೆಯ ಮಾತಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

15 ಜೂನ್, ಶನಿವಾರ

ಈಚೆಗೆ ಸೋತ ಆಟಗಳನ್ನೆಲ್ಲ ಅವಳಿಂದಲೇ ಮತ್ತೆ ಆಡಿಸಿದೆ. ಎಲ್ಲವೂ ಬಾಯಿಪಾಠ. ಲೆಕ್ಕಾಚಾರದಲ್ಲಿ ಎಲ್ಲೂ ತಪ್ಪಿಲ್ಲ. ತಪ್ಪಿದ್ದೆಲ್ಲ ಬೋರ್ಡಿನ ಅಂಚಿನ ಮನೆಗಳಲ್ಲಿ. ಎಡಕ್ಕೋ, ಬಲಕ್ಕೋ, ದೂರದ ಮೂಲೆಗೋ ಇದ್ದ ಕಾಯಿಯೇ ಪ್ರತಿ ಸಲವೂ ಅವಳನ್ನು ಹೊಡೆದಿದೆ.

ಬೋರ್ಡಿನ ನಡುವೆಯೇ ದೃಷ್ಟಿ ನೆಟ್ಟಿರು ಅಂದೆ. ಅಂಚಿನಲ್ಲಿದ್ದ ಪಾನ್ ಕಾಯಿ ಎತ್ತಿ ಪಕ್ಕಕ್ಕೆ ಇಟ್ಟೆ.

"ಈಗ ಏನ್ ಮಾಡ್ದೆ ಹೇಳು."

"ಏನೂ ಮಾಡ್ಲಿಲ್ವಲ್ಲ ಮಿಸ್."

ನನ್ನ ಇಡೀ ಕೈ ಅವಳಿಗೆ ಕಂಡಿರಲಿಲ್ಲ. ಅವಳ ಅಮ್ಮ ಭಾಗ್ಯಲಕ್ಷ್ಮಿಗೆ ಆಗಲೇ ಫೋನ್ ಮಾಡಿದೆ. ಸಂಜೆಯಾದರೆ ಮೆಟ್ಟಿಲಲ್ಲಿ ಎಡವುತ್ತಾಳೆ, ಓದಿ ಓದಿ ಸುಸ್ತು ಅಂದುಕೊಂಡಿದ್ದೆ ಮೇಡಂ, ಅಂದರು.

24 ಜೂನ್, ಸೋಮವಾರ

ಕಣ್ಣಾಸ್ಪತ್ರೆ. ನಾನೂ ಜೊತೆಗೆ ಹೋಗಿದ್ದೆ. ರೆಟಿನಾ ಸವೆಯುವ ಕಾಯಿಲೆಯಂತೆ. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬರುತ್ತದೆ. ಈಗಲೇ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಉಳಿದಿದೆ. ಹೋದದ್ದನ್ನು ಮರಳಿ ತರುವ ಔಷಧಿ ಇಲ್ಲ.

ತೇಜಶ್ರೀ ಅಳಲಿಲ್ಲ. "ಮಧ್ಯದ್ದು ಎಷ್ಟು ವರ್ಷ ಇರುತ್ತೆ ಡಾಕ್ಟರ್?" ಅಂತ ಕೇಳಿದಳು. ಒಬ್ಬೊಬ್ಬರಿಗೆ ಒಂದೊಂದು ಥರ, ಹೇಳಕ್ಕಾಗಲ್ಲ ಅಂದರು.

ಆಟೋದಲ್ಲಿ ವಾಪಸ್ಸಾದೆವು. ಇಳಿಯುವಾಗ ಭಾಗ್ಯಲಕ್ಷ್ಮಿ ನನ್ನ ಕೈ ಹಿಡಿದುಕೊಂಡರು. "ಚೆಸ್ ಸಾಕು ಮೇಡಂ. ಇರೋ ಕಣ್ಣಾದ್ರೂ ಉಳೀಲಿ."

ಆಡಿದರೆ ಕಣ್ಣಿಗೆ ತೊಂದರೆಯಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಆ ಹೊತ್ತಿನಲ್ಲಿ ಅದನ್ನು ನೆನಪಿಸಲಾಗಲಿಲ್ಲ.

28 ಜುಲೈ, ಭಾನುವಾರ

ತೇಜಶ್ರೀ ತಿಂಗಳಿಂದ ಬಂದಿಲ್ಲ. ಫೋನ್ ಎತ್ತುವುದಿಲ್ಲ. ಇವತ್ತು ರಾಮಮೂರ್ತಿ ನಗರಕ್ಕೆ, ಅವರ ಮನೆಗೇ ಹೋದೆ. ಭಾಗ್ಯಲಕ್ಷ್ಮಿ ಬಾಗಿಲ ಬಳಿ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದರು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಅವರ ಕೆಳಗೆ ಇವಳು ಗೆದ್ದ ಕಪ್‌ಗಳಿದ್ದ ಶೆಲ್ಫ್ ಖಾಲಿ. ಇವಳೇ ಮಂಚದಡಿಗೆ ತಳ್ಳಿದ್ದಾಳಂತೆ.

"ಕಾಯಿ ಹುಡುಕೋದ್ರಲ್ಲೇ ತಲೆ ನೋಯುತ್ತೆ ಮಿಸ್. ಯೋಚನೆ ಮಾಡಕ್ಕೆ ಏನೂ ಉಳಿಯಲ್ಲ."

"ಹುಡುಕೋದೇ ಬೇಡ. ಕಣ್ಣು ಮುಚ್ಚು."

ನಡೆಗಳನ್ನು ಹೇಳುತ್ತಾ ಹೋದೆ, ಅವಳೂ ಬಾಯಲ್ಲೇ ಉತ್ತರ ಕೊಟ್ಟಳು. ಹದಿನೈದು ನಡೆಯವರೆಗೆ ಇಡೀ ಬೋರ್ಡ್ ಅವಳ ತಲೆಯೊಳಗಿತ್ತು. ಆಮೇಲೆ ಒಂದು ಪಾನ್ ಕಳೆದುಹೋಯಿತು. ರೇಗಿ ಎದ್ದು ಒಳಗೆ ಹೋದಳು.

ಹದಿನೈದು! ಬಸ್ಸಿನಲ್ಲಿ ಬರುವಾಗ ಬೇರೇನೂ ತಲೆಗೆ ಬರಲಿಲ್ಲ. ಇದನ್ನು ಬಿಡುವವಳಲ್ಲ ನಾನು.

4 ಆಗಸ್ಟ್, ಭಾನುವಾರ

ಶಿವಾಜಿನಗರದಲ್ಲಿ ಖುರ್ಷೀದ್ ಅವರ ಮನೆ. ಬ್ಯಾಂಕ್ ಆಫೀಸರ್, ಹುಟ್ಟಿನಿಂದ ಕಣ್ಣಿಲ್ಲ, ಅಂಧರ ಚೆಸ್‌ನಲ್ಲಿ ರಾಜ್ಯಕ್ಕೆ ಆಡಿದವರು. ಅವರ ಬೋರ್ಡಿನಲ್ಲಿ ಪ್ರತಿ ಮನೆಗೂ ತೂತು, ಕಾಯಿಗಳಿಗೆ ಕಡ್ಡಿಯ ಕಾಲು. ಕಪ್ಪು ಮನೆಗಳು ಕೊಂಚ ಎತ್ತರಕ್ಕಿವೆ. ಕಪ್ಪು ಕಾಯಿಗಳ ತಲೆಯ ಮೇಲೆ ಒಂದು ಮೊಳೆ.

ದುಪಟ್ಟಾ ಕಣ್ಣಿಗೆ ಕಟ್ಟಿಕೊಂಡು ಆಡಿದೆ. ಸೋತೆ. ಮತ್ತೆ ಆಡಿದೆ, ಮತ್ತೆ ಸೋತೆ. ಬೆರಳಿಗೆ ಸಿಕ್ಕಿದ್ದು ಮರುಕ್ಷಣಕ್ಕೆ ಮರೆತುಹೋಗುತ್ತದೆ.

"ನೀವು ಒಂದೊಂದೇ ಕಾಯಿ ಮುಟ್ಟಿ ನೋಡ್ತೀರ ಮೇಡಂ. ಅಂಗೈ ಪೂರ್ತಿ ಆಡಿಸಿ. ಮಗು ಮುಖ ಸವರ್ತೀವಲ್ಲ, ಹಂಗೆ."

ಚಹಾ ತಣ್ಣಗಾಗುವವರೆಗೂ ಅದೊಂದನ್ನೇ ಅಭ್ಯಾಸ ಮಾಡಿದೆ. ನನಗೆ ಬಾರದೆ ಅವಳಿಗೆ ಹೇಗೆ ಕಲಿಸಲಿ?

11 ಆಗಸ್ಟ್, ಭಾನುವಾರ

ಭಾಗ್ಯಲಕ್ಷ್ಮಿಯನ್ನು ಒಪ್ಪಿಸಲು ಇಡೀ ವಾರ ಹಿಡಿಯಿತು. ಖುರ್ಷೀದ್ ಕೊಟ್ಟ ಬೋರ್ಡ್ ಹಾಲ್‌ನಲ್ಲಿ ತೇಜಶ್ರೀ ಮುಂದಿಟ್ಟೆ. ಖುರ್ಷೀದ್ ಎದುರಿಗೆ ಕೂತರು. ಬಿ, ಡಿ, ಇ ಕಿವಿಗೆ ಒಂದೇ ಥರ ಕೇಳಿಸುವುದರಿಂದ ಬೋರ್ಡಿನ ಎ, ಬಿ, ಸಿ ಸಾಲುಗಳಿಗೆ ಹೆಸರು — ಅನ್ನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೀಲಿಕ್ಸ್...

"ಬೆಲ್ಲಾನಾ?" ಅಂದಳು.

"ಹೌದು. ಬೆಲ್ಲದ ಸಾಲಲ್ಲಿ ಇರುವೆ ಥರ ನನ್ನ ರೂಕ್ ಬರ್ತಿದೆ, ನೋಡ್ಕೋ" ಅಂದರು ಖುರ್ಷೀದ್.

ಜೂನ್ ಆದಮೇಲೆ ಅವಳು ನಕ್ಕದ್ದು ಇವತ್ತೇ. ಆದರೆ ಅಂಧರ ಟೂರ್ನಮೆಂಟ್ ವಿಷಯ ಎತ್ತಿದೊಡನೆ ಮುಖ ಗಂಟಿಕ್ಕಿಕೊಂಡಳು. "ಆ ಲಿಸ್ಟಲ್ಲಿ ನನ್ ಹೆಸ್ರು ಬೇಡ."

ನಾನು ಖುರ್ಷೀದ್ ಮುಖ ನೋಡಿದೆ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. "ಟೈಮ್ ತಗೋ ಬೇಟಾ. ನಾನು ಎಲ್ಲೂ ಹೋಗಲ್ಲ" ಅಂದರು.

29 ಸೆಪ್ಟೆಂಬರ್, ಭಾನುವಾರ

ಏಳು ವಾರದಿಂದ ಬರೆದಿಲ್ಲ. ಬೆಳಗ್ಗೆ ಇಂದಿರಾನಗರದ ಮನೆಪಾಠ, ಸಂಜೆ ಇವಳ ಜೊತೆ ಬೋರ್ಡ್. ಈಗ ಅಂಗೈ ಒಮ್ಮೆ ಆಡಿಸಿದರೆ ಸಾಕು, ಇಡೀ ಆಟ ಹೇಳುತ್ತಾಳೆ. ನಾನು ದುಪಟ್ಟಾ ಕಟ್ಟಿಕೊಂಡು ಆಡಿದರೆ ಅವಳದೇ ಗೆಲುವು. ಬಿಚ್ಚಿ ಆಡಿದರೆ ಇನ್ನೂ ನನ್ನದು. ಅದನ್ನು ಅವಳು ಸಹಿಸುವುದಿಲ್ಲ. ಸಹಿಸಬಾರದು ಕೂಡ.

ಇವತ್ತು ತಾನಾಗಿಯೇ ಕೇಳಿದಳು. "ಹಲಸೂರಲ್ಲಿ ಎಲ್ರೂ ಆಡೋ ಓಪನ್ ಟೂರ್ನಮೆಂಟ್ ಇದ್ಯಲ್ಲ ಮಿಸ್, ಆಡ್ಲಾ? ಈ ಬೋರ್ಡಲ್ಲೇ."

3 ಅಕ್ಟೋಬರ್, ಗುರುವಾರ

ಹಲಸೂರಿನ ಟೂರ್ನಮೆಂಟ್ ನಡೆಸುವವರು ಭೀಮೇಶ್. ಹಳೆಯ ಪರಿಚಯ. ಅವರ ಆಫೀಸಿಗೇ ಹೋದೆ.

"ಎದುರಿನೋರು ಪ್ರತಿ ಮೂವ್ ಜೋರಾಗಿ ಹೇಳ್ಬೇಕು ಅಂತೀರ. ಪಕ್ಕದ ಬೋರ್ಡ್‌ನೋರು ಸುಮ್ನಿರ್ತಾರಾ ಮೇಡಂ? ಅಂಧರದ್ದೇ ಬೇರೆ ಟೂರ್ನಮೆಂಟ್ ಇರುತ್ತಲ್ಲ."

"ಅದನ್ನೂ ಆಡ್ಲಿ, ಇದನ್ನೂ ಆಡ್ಲಿ. ರೂಲ್ಸಲ್ಲಿ ಅವಕಾಶ ಇದೆ, ನಿಮಗೂ ಗೊತ್ತು."

"ಗೊತ್ತು. ಆದ್ರೆ ಜನ..."

"ಜನಕ್ಕೆ ನಾನ್ ಹೇಳ್ತೀನಿ. ಪ್ರತಿ ರೌಂಡಿಗೂ ಮುಂಚೆ ನಿಂತು ಹೇಳ್ತೀನಿ."

ಅವರಿಗೆ ಫೋನ್ ಬಂತು, ಮಾತಾಡಿದರು. ಇನ್ಯಾರೋ ಬಂದರು, ಹೋದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ, "ಮೂಲೆ ಟೇಬಲ್ ಕೊಡ್ತೀನಿ. ಅಲ್ಲೇ ಆಡ್ಲಿ" ಅಂದರು.

20 ಅಕ್ಟೋಬರ್, ಭಾನುವಾರ

ಹಲಸೂರು ಟೂರ್ನಮೆಂಟ್. ಮೊದಲ ರೌಂಡ್ ಸೋಲು. ಅದೇ ಕಾಯಿಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಬಾಗಿಲ ಬಳಿ ನಿಂತಿದ್ದ ಭಾಗ್ಯಲಕ್ಷ್ಮಿ, "ಕರ್ಕೊಂಡ್ ಹೋಗ್ಬಿಡ್ಲಾ ಮೇಡಂ?" ಅಂದರು. "ಅವಳನ್ನೇ ಕೇಳಿ" ಅಂದೆ. ಅವರು ಮಗಳ ಹತ್ತಿರ ಹೋಗದೆ ಬಾಗಿಲಲ್ಲೇ ನಿಂತರು.

ಎರಡನೇ ರೌಂಡ್, ವಿಶ್ರುತ್ ಅಂತ ಕಾಲೇಜು ಹುಡುಗ. ನಾನು ಮೊದಲೇ ಹೇಳಿದ್ದರೂ ನಡೆಯನ್ನು ಗೊಣಗುತ್ತಿದ್ದ, ಸಂಕೋಚವೋ ಏನೋ. ಇವಳು ಒಂದೆರಡು ಸಲ ಕುತ್ತಿಗೆ ಮುಂದಕ್ಕೆ ಚಾಚಿ ಕೇಳಿಸಿಕೊಂಡಳು. ನಾನು ಎದ್ದೆ. ಹೆಜ್ಜೆ ಇಡುವ ಮೊದಲೇ ಅವಳ ದನಿ ಬಂತು.

"ಜೋರಾಗಿ ಹೇಳಿ. ನಂಗೆ ಕಣ್ಣು ಕಾಣಲ್ಲ."

ಹಾಲ್‌ನಲ್ಲಿ ಒಂದಷ್ಟು ತಲೆಗಳು ತಿರುಗಿದವು. ಆ ಮಾತು ಅವಳ ಬಾಯಲ್ಲಿ ಬಂದದ್ದು ನಾನು ಕೇಳಿದಂತೆ ಇದೇ ಮೊದಲು. ಭಾಗ್ಯಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡರು. ವಿಶ್ರುತ್ "ಸಾರಿ" ಅಂದ, ಆಮೇಲೆ ಸ್ಪಷ್ಟವಾಗಿಯೇ ಹೇಳಿದ. ಅವಳ ಅಂಗೈ ಬೋರ್ಡಿನ ಮೇಲೆ ಒಮ್ಮೆ ಹಾದುಹೋಯಿತು. ಅಷ್ಟೇ ಸಾಕಾಯಿತು.

ಅವನು ಡ್ರಾ ಕೇಳಿದ. ಒಪ್ಪಲಿಲ್ಲ ಇವಳು. ಗೆದ್ದಳು.

ಮೂರನೆಯದು ಡ್ರಾ. ಕೊನೆಯದು ಸೋಲು, ಗೆಲ್ಲಬಹುದಿತ್ತೇನೋ. ಬಹುಮಾನದ ಹತ್ತಿರಕ್ಕೂ ಬರಲಿಲ್ಲ. ಮೆಟ್ಟಿಲಿಳಿಯುವಾಗ ಅವಳೇ ಕೇಳಿದಳು, "ಖುರ್ಷೀದ್ ಅಂಕಲ್ ಟೂರ್ನಮೆಂಟ್ ಯಾವಾಗ ಮಿಸ್?" ಡಿಸೆಂಬರ್ ಅಂದೆ. "ಹೆಸ್ರು ಕೊಡಿ." ಅಷ್ಟೇ ಮಾತು.

21 ಅಕ್ಟೋಬರ್, ಸೋಮವಾರ, ಬೆಳಗ್ಗೆ

ಕಾಫಿಗೆ ನೀರಿಡುವ ಮೊದಲೇ ಫೋನ್.

"ಮಿಸ್, ನಿನ್ನೆ ಕೊನೇ ಗೇಮ್ ಎಲ್ಲಿ ಹೋಯ್ತು ಅಂತ ಗೊತ್ತಾಯ್ತು. ಕ್ವೀನ್ ಬದಲಾಯಿಸ್ಬಾರ್ದಿತ್ತು. ಬೋರ್ಡ್ ಇಟ್ಕೊಳ್ಳಿ, ಹೇಳ್ತೀನಿ."

ಸ್ಪೀಕರ್ ಹಾಕಿದ್ದೇನೆ. ನಡೆ ಗುರುತು ಹಾಕಿಕೊಳ್ಳಲು ಕೈಗೆ ಸಿಕ್ಕಿದ್ದು ಇದೇ ಡೈರಿ. ನಾನು ಕಾಯಿ ಸರಿಸುವುದಕ್ಕಿಂತ ವೇಗವಾಗಿ ಹೇಳುತ್ತಿದ್ದಾಳೆ. ಹಿಂದಿನಿಂದ ಭಾಗ್ಯಲಕ್ಷ್ಮಿ, ಮೊದಲು ತಿಂಡಿ ತಿನ್ನೇ ಅನ್ನುತ್ತಿದ್ದಾರೆ.

ಕ್ವೀನ್ ಬದಲಾಯಿಸುವುದು ಬಿಟ್ಟು ನೈಟ್ ನಡೆಸಬೇಕಿತ್ತಂತೆ. ನೈಟ್, ಫೀಲಿಕ್ಸ್ ಐದು. ಸಾಧ್ಯವಿಲ್ಲ, ಪಾನ್ ಹೊಡೆಯುತ್ತದಲ್ಲ ಅಂದೆ. "ಹೊಡೀಲಿ ಮಿಸ್" ಅನ್ನುತ್ತಾಳೆ. ಹೊಡೆದರೆ ಸಾಲು ತೆರೆಯುತ್ತದೆ, ಆಗ ರೂಕ್ —

ತಡಿ. ಇದನ್ನು ನಾನೂ ನೋಡಿರಲಿಲ್ಲ. ರೂಕ್ ಅಲ್ಲಿಗೆ ಬಂದರೆ ಅವನ ಕಿಂಗ್‌ಗೆ ಇರುವುದು ಒಂದೇ ಮನೆ, ಆ ಮನೆಗೆ ನಮ್ಮ ಬಿಷಪ್ ದೂರದ ಮೂಲೆಯಿಂದ ಗುರಿ ಇಟ್ಟು ಕೂತಿದೆ.